ರಕ್ತಕ್ಕೆ ಒಗ್ಗುವ ಪ್ಲಾಸ್ಟಿಕ್: ಪ್ರಾಜೆಕ್ಟ್ ಮಾಡುವವರಿಗೆ ಹಂತ ಹಂತದ ದಾರಿ

ಪ್ರಾಜೆಕ್ಟ್ ಸೀಸನ್ ಶುರುವಾಯಿತೆಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬಯೋಟೆಕ್ನಾಲಜಿ, ಕೆಮಿಕಲ್ ಎಂಜಿನಿಯರಿಂಗ್, ಎಂ.ಎಸ್ಸಿ. ಕೆಮಿಸ್ಟ್ರಿ ವಿದ್ಯಾರ್ಥಿಗಳು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮೇಡಂ, ಕ್ಯಾತಿಟರ್ ಪ್ಲಾಸ್ಟಿಕ್ ಮೇಲೆ ಏನು ಹಚ್ಚಿದರೆ ರಕ್ತ ಹೆಪ್ಪುಗಟ್ಟಲ್ಲ?" ಕ್ಯಾತಿಟರ್ ಅಂದರೆ ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆ. ಒಬ್ಬೊಬ್ಬರಿಗೂ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತೇನೆ.

ಏನು ಹಚ್ಚಬೇಕು ಅನ್ನುವುದು ನಿಜವಾಗಿ ಮೂರನೆಯ ಪ್ರಶ್ನೆ. ಪ್ಲಾಸ್ಟಿಕ್ಕನ್ನು ಹೇಗೆ ತೊಳೆದಿರಿ, ಯಾವುದರ ಜೊತೆ ಹೋಲಿಸಿದಿರಿ ಅನ್ನುವುದು ಅದಕ್ಕಿಂತ ಮೊದಲು. ನಾನು ನೋಡಿದ ವರದಿಗಳಲ್ಲಿ ಕೆಟ್ಟ ಫಲಿತಾಂಶಕ್ಕೆ ಲೇಪನ ಕಾರಣವಾಗಿದ್ದು ಕಡಿಮೆ. ಈ ಎರಡರಲ್ಲಿ ಎಡವಿದ್ದೇ ಜಾಸ್ತಿ.

ಒಂದು ಎಚ್ಚರಿಕೆ. ಇದು ಲ್ಯಾಬಿನಲ್ಲಿ ಮಾದರಿ ತುಂಡುಗಳ ಮೇಲೆ ಮಾಡುವ ಕೆಲಸ. ಇಲ್ಲಿ ಹೇಳಿದ್ದನ್ನು ಮಾಡಿದ ಯಾವ ತುಂಡೂ ಮನುಷ್ಯರ ಮೈಯೊಳಗೆ ಹೋಗಬಾರದು. ನಿಮಗೋ ಮನೆಯವರಿಗೋ ಈಗಾಗಲೇ ಹೃದಯದ ಕವಾಟ, ಸ್ಟೆಂಟ್, ಡಯಾಲಿಸಿಸ್ ಕ್ಯಾತಿಟರ್ ಹಾಕಿದ್ದರೆ ಈ ಲೇಖನ ಓದಿ ಮಾತ್ರೆ ಬದಲಾಯಿಸಬೇಡಿ. ಅದು ನಿಮ್ಮ ಡಾಕ್ಟರ್ ಹೇಳಬೇಕಾದ ಮಾತು.

ರಕ್ತ ಪ್ಲಾಸ್ಟಿಕ್ಕನ್ನು ಮುಟ್ಟಿದಾಗ ಏನಾಗುತ್ತದೆ?

ಮೊದಲ ಕೆಲವು ಸೆಕೆಂಡುಗಳಲ್ಲೇ ರಕ್ತದ ಪ್ರೋಟೀನುಗಳು ಪ್ಲಾಸ್ಟಿಕ್ ಮೇಲೆ ಅಂಟುತ್ತವೆ. ಅಲ್ಲಿಂದಾಚೆಗೆ ರಕ್ತಕಣಗಳಿಗೆ ಕಾಣುವುದು ನಿಮ್ಮ ಪ್ಲಾಸ್ಟಿಕ್ ಅಲ್ಲ, ಈ ಪ್ರೋಟೀನಿನ ಪದರ. ಮೊದಲು ಬಂದು ಕೂರುವುದು ರಕ್ತದಲ್ಲಿ ಜಾಸ್ತಿ ಇರುವ ಆಲ್ಬುಮಿನ್‌ನಂಥವು. ಆಮೇಲೆ ಹೆಚ್ಚು ಗಟ್ಟಿಯಾಗಿ ಅಂಟುವ ಫೈಬ್ರಿನೋಜನ್ ಮುಂತಾದವು ಬಂದು ಅವನ್ನು ಎಬ್ಬಿಸಿ ತಾವು ಕೂರುತ್ತವೆ. ಇದಕ್ಕೆ ವ್ರೋಮನ್ ಪರಿಣಾಮ ಎನ್ನುತ್ತಾರೆ.

ಆಲ್ಬುಮಿನ್ ಕೂತರೆ ಅಷ್ಟೇನೂ ತೊಂದರೆ ಇಲ್ಲ. ಫೈಬ್ರಿನೋಜನ್ ಕೂತು ಆಕಾರ ಬದಲಿಸಿಕೊಂಡರೆ ಪ್ಲೇಟ್‌ಲೆಟ್‌ಗಳು ಬಂದು ಹಿಡಿದುಕೊಳ್ಳುತ್ತವೆ. ಹೌದು, ಡೆಂಗಿ ಬಂದಾಗ ಎಲ್ಲರೂ ಎಣಿಸುವ ಅದೇ ಪ್ಲೇಟ್‌ಲೆಟ್. ಹಿಡಿದುಕೊಂಡವು ಚಪ್ಪಟೆಯಾಗಿ ಕಾಲು ಚಾಚಿ, ಇನ್ನಷ್ಟು ಪ್ಲೇಟ್‌ಲೆಟ್‌ಗಳನ್ನು ಕರೆಯುವ ವಸ್ತುಗಳನ್ನು ಬಿಡುತ್ತವೆ.

ಇದೇ ಹೊತ್ತಿಗೆ ಇನ್ನೆರಡು ಕೆಲಸ ನಡೆಯುತ್ತಿರುತ್ತವೆ. ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಅಂಶಗಳ ಪೈಕಿ 12ನೆಯದು, ಅಂದರೆ ಫ್ಯಾಕ್ಟರ್ 12, ಋಣ ವಿದ್ಯುದಂಶವಿರುವ ಮೇಲ್ಮೈ ಸಿಕ್ಕರೆ ಚುರುಕಾಗುತ್ತದೆ. ಅಲ್ಲಿಂದ ಸರಣಿಯಾಗಿ ಸಾಗಿ ಕೊನೆಗೆ ಫೈಬ್ರಿನ್ ಎಂಬ ಎಳೆಗಳ ಬಲೆ ಹೆಣೆದುಕೊಳ್ಳುತ್ತದೆ. ಇನ್ನೊಂದು ಕಾಂಪ್ಲಿಮೆಂಟ್ ವ್ಯವಸ್ಥೆ. ಹೊರಗಿನಿಂದ ಬಂದದ್ದನ್ನು ಗುರುತಿಸಿ ದಾಳಿ ಮಾಡುವ ಪ್ರೋಟೀನುಗಳ ಗುಂಪು ಅದು. ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ತಡೆದ ಮಾತ್ರಕ್ಕೆ ಇನ್ನೊಂದು ನಿಲ್ಲುತ್ತದೆ ಎಂದುಕೊಳ್ಳಬೇಡಿ.

ನಮ್ಮ ರಕ್ತನಾಳದ ಒಳಪದರ ಇದನ್ನೆಲ್ಲ ನಿಭಾಯಿಸುವುದು ಜೀವಂತವಾಗಿರುವುದರಿಂದ. ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುವ ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್‌ಗಳನ್ನು ಅದು ಬಿಡುತ್ತಲೇ ಇರುತ್ತದೆ. ಅದರ ಮೇಲೆ ಹೆಪ್ಪು ತಡೆಯುವ ಹೆಪಾರಾನ್ ಸಲ್ಫೇಟ್ ಕೂಡ ಇರುತ್ತದೆ. ಸತ್ತ ಪ್ಲಾಸ್ಟಿಕ್ಕಿಗೆ ನಾವು ಕೊಡಬಹುದಾದದ್ದು ಎರಡೇ ತರಹದ ಸಹಾಯ. ಪ್ರೋಟೀನು ಅಂಟದಂತೆ ನೀರು ಹಿಡಿದಿಡುವ ಪದರ ಹಾಕುವುದು ಒಂದು. ಹೆಪಾರಿನ್‌ನಂಥ ಹೆಪ್ಪು ತಡೆಯುವ ವಸ್ತುವನ್ನು ಮೇಲ್ಮೈಗೆ ಕಟ್ಟಿಹಾಕುವುದು ಇನ್ನೊಂದು.

ಭಾರತದಲ್ಲಿ ಎಲ್ಲರೂ ಹೆಸರು ಹೇಳುವ ಉದಾಹರಣೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಹೃದಯ ಕವಾಟ. ಹಿಂದಿನ ಮಾದರಿಗಳು ಕೈಕೊಟ್ಟ ಮೇಲೆ, 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದ ಮಾದರಿಯಲ್ಲಿ ತೆರೆದು ಮುಚ್ಚುವ ಬಿಲ್ಲೆ ಒಂದು ಪ್ಲಾಸ್ಟಿಕ್. ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್. ಅದಕ್ಕೆ ವಿಶೇಷ ಲೇಪನವೇನೂ ಇಲ್ಲ. ಒಳ್ಳೆಯ ವಸ್ತು, ನುಣುಪು, ರಕ್ತ ಎಲ್ಲೂ ನಿಲ್ಲದಂಥ ವಿನ್ಯಾಸ, ಇಷ್ಟರ ಮೇಲೆ ಅದು ನಿಂತಿದೆ. ಆದರೂ ಅಂಥ ಯಾಂತ್ರಿಕ ಕವಾಟ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. ಆದ್ದರಿಂದ ವರದಿಯ ಶೀರ್ಷಿಕೆಯಲ್ಲಿ "ಹೆಪ್ಪೇ ಗಟ್ಟದ ಪ್ಲಾಸ್ಟಿಕ್" ಎಂದು ಬರೆಯಬೇಡಿ. ವೈವಾದಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬೀಳುತ್ತದೆ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಇಂಪ್ಲಾಂಟ್‌ಗಳಿಗೆ ಬಳಸುವ ಪ್ಲಾಸ್ಟಿಕ್" ಅಂದರೆ ಒಂದು ಸಮುದ್ರ. ಒಂದು ಸಾಧನ, ಒಂದು ಪ್ಲಾಸ್ಟಿಕ್, ಒಂದು ಅವಧಿ ಆರಿಸಿಕೊಳ್ಳಿ. ಡಯಾಲಿಸಿಸ್ ಟ್ಯೂಬಿನಲ್ಲಿ ರಕ್ತ ಕೆಲವು ಗಂಟೆ ಹರಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಪಿವಿಸಿ. ಕತ್ತಿನ ರಕ್ತನಾಳಕ್ಕೆ ಹಾಕುವ ಕ್ಯಾತಿಟರ್ ವಾರಗಟ್ಟಲೆ ಇರಬಹುದು. ಅಲ್ಲಿ ಪಾಲಿಯುರಥೇನ್ ಅಥವಾ ಸಿಲಿಕೋನ್. ಕೃತಕ ರಕ್ತನಾಳ ವರ್ಷಗಟ್ಟಲೆ ಇರಬೇಕು. ಅದನ್ನು ಪಾಲಿಯೆಸ್ಟರ್ ನೇಯ್ಗೆಯಿಂದ ಇಲ್ಲವೇ ಹಿಗ್ಗಿಸಿದ ಪಿಟಿಎಫ್‌ಇಯಿಂದ (ಟೆಫ್ಲಾನ್) ಮಾಡುತ್ತಾರೆ.

ರಕ್ತ ಎಷ್ಟು ಜೋರಾಗಿ ಹರಿಯುತ್ತದೆ ಅನ್ನುವುದೂ ಮುಖ್ಯ. ಜೋರಾಗಿ ಹರಿಯುವ ಕಡೆ ಪ್ಲೇಟ್‌ಲೆಟ್‌ಗಳೇ ಹೆಚ್ಚಿರುವ ಬಿಳಿ ಹೆಪ್ಪು. ನಿಂತಂತೆ ಇರುವ ಕಡೆ ಫೈಬ್ರಿನ್ ಬಲೆಗೆ ಕೆಂಪು ಕಣ ಸಿಕ್ಕಿದ ಕೆಂಪು ಹೆಪ್ಪು. ನಿಮ್ಮ ಸಾಧನದಲ್ಲಿ ಯಾವುದರ ಭಯ ಜಾಸ್ತಿಯೋ ಅದನ್ನು ಹಿಡಿಯುವ ಪರೀಕ್ಷೆ ಇಟ್ಟುಕೊಳ್ಳಿ.

ಒಂದು ಸೆಮಿಸ್ಟರಿನ ಕೆಲಸಕ್ಕೆ ಪಿವಿಸಿ ಅಥವಾ ಪಾಲಿಯುರಥೇನ್ ಹಾಳೆ, ಕೆಲವು ಗಂಟೆಗಳ ಸಂಪರ್ಕ, ಅಷ್ಟು ಸಾಕು.

ಹಂತ 2: ರಕ್ತ ಎಲ್ಲಿಂದ ಬರುತ್ತದೆ ಎಂದು ಮೊದಲೇ ತೀರ್ಮಾನಿಸಿ

ಎಲ್ಲರೂ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಲೇಪನ ಮಾಡಿದ ತುಂಡುಗಳು ಡಬ್ಬದಲ್ಲಿ ಕಾಯುತ್ತಾ ಕೂರುತ್ತವೆ.

ಮನುಷ್ಯರ ರಕ್ತ ಬಳಸಬೇಕಾದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ದಾನಿಯ ಲಿಖಿತ ಸಮ್ಮತಿಯೂ ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ನೀತಿ ಮಾರ್ಗಸೂಚಿ ಇದಕ್ಕೆ ಆಧಾರ. ಹಾಸ್ಟೆಲ್ ರೂಮ್‌ಮೇಟ್ ಕೈಗೆ ಸೂಜಿ ಚುಚ್ಚಿ ಸುಮ್ನೆ ಐದು ಮಿ.ಲೀ. ತೆಗೆದುಕೊಳ್ಳುವುದು ಖಂಡಿತ ಬೇಡ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂಥ ಕಮಿಟಿ ಇಲ್ಲದಿದ್ದರೆ ಮೆಡಿಕಲ್ ಕಾಲೇಜಿನ ಒಬ್ಬರನ್ನು ಸಹ-ಮಾರ್ಗದರ್ಶಕರಾಗಿ ಮಾಡಿಕೊಳ್ಳಿ. ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ಮೆಡಿಕಲ್ ಕಾಲೇಜು, ಕೋಲಾರದ ಟಮಕದಲ್ಲಿ ಶ್ರೀ ದೇವರಾಜ ಅರಸು ಮೆಡಿಕಲ್ ಕಾಲೇಜು, ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಪೆಥಾಲಜಿ ಅಥವಾ ಫಿಸಿಯಾಲಜಿ ವಿಭಾಗದಲ್ಲಿ ವಿಚಾರಿಸಿ. ಕಮಿಟಿಗಳು ಬೇಕೆಂದಾಗಲೆಲ್ಲ ಸೇರುವುದಿಲ್ಲ. ಅರ್ಜಿಯನ್ನು ಸೆಮಿಸ್ಟರಿನ ಮೊದಲ ವಾರದಲ್ಲೇ ಕೊಡಿ.

ಬ್ಲಡ್ ಬ್ಯಾಂಕಿನಲ್ಲಿ ಅವಧಿ ಮುಗಿದ ಚೀಲ ಸಿಗುತ್ತದೆ, ಅದನ್ನೇ ಬಳಸಬಹುದಾ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಅದರಲ್ಲಿ ಕೆಂಪು ಕಣಗಳು ಆಗಲೇ ಒಡೆಯಲು ಶುರುವಾಗಿರುತ್ತವೆ. ಫ್ರಿಜ್ಜಿನಲ್ಲಿದ್ದ ಪ್ಲೇಟ್‌ಲೆಟ್‌ಗಳು ಪರೀಕ್ಷೆಗೆ ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಕೈ ಪಳಗಿಸಿಕೊಳ್ಳಲು ಮಟನ್ ಅಂಗಡಿಯಿಂದ ಕುರಿ ರಕ್ತ ತರಬಹುದು. ಆದರೆ ಅದು ಬೀಳುವಾಗಲೇ, ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುವ ಬಾಟಲಿಗೆ ಬೀಳಬೇಕು. ಕುರಿಯ ಪ್ಲೇಟ್‌ಲೆಟ್ ಮನುಷ್ಯರದ್ದರಂತೆ ನಡೆದುಕೊಳ್ಳುವುದಿಲ್ಲ, ಹಾಗಾಗಿ ಆ ಅಂಕಿಗಳು ವರದಿಯ ತೀರ್ಮಾನಕ್ಕೆ ಬರಬಾರದು.

ಟ್ಯೂಬಿನ ಮುಚ್ಚಳದ ಬಣ್ಣ ನೋಡಿಕೊಳ್ಳಿ. ತಿಳಿ ನೀಲಿ ಅಂದರೆ 3.2 ಶೇಕಡಾ ಸೋಡಿಯಂ ಸಿಟ್ರೇಟ್, 9 ಪಾಲು ರಕ್ತಕ್ಕೆ 1 ಪಾಲು. ನಮಗೆ ಬೇಕಾದದ್ದು ಇದೇ. ಹಸಿರು ಮುಚ್ಚಳದಲ್ಲಿ ಹೆಪಾರಿನ್ ಇರುತ್ತದೆ. ಹೆಪಾರಿನ್ ಲೇಪನ ಪರೀಕ್ಷಿಸಲು ಹೆಪಾರಿನ್ ಇರುವ ರಕ್ತವನ್ನೇ ಬಳಸಿದರೆ ಏನು ಗೊತ್ತಾಗುತ್ತದೆ, ಅಲ್ವಾ? ನೇರಳೆ ಮುಚ್ಚಳದ ಇಡಿಟಿಎ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಕಟ್ಟಿಹಾಕಿ ಪ್ಲೇಟ್‌ಲೆಟ್ ಆಕಾರವನ್ನೇ ಬದಲಿಸುತ್ತದೆ. ಕಾಂಪ್ಲಿಮೆಂಟ್ ಪರೀಕ್ಷೆಯೂ ಅದರಲ್ಲಿ ಆಗುವುದಿಲ್ಲ.

ದಾನಿ ಹಿಂದಿನ ಹತ್ತು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ನೋವಿನ ಮಾತ್ರೆಗಳನ್ನೂ ವಿಚಾರಿಸಿ. ಬೆಳಗ್ಗೆ ಬೆಣ್ಣೆ ಮಸಾಲೆ ದೋಸೆ ತಿಂದು ಬಂದ ದಾನಿಯ ಪ್ಲಾಸ್ಮಾ, ಅಂದರೆ ಕಣಗಳನ್ನು ಬಿಟ್ಟು ಉಳಿದ ರಕ್ತದ ದ್ರವ, ಕೊಬ್ಬಿನಿಂದ ಮಬ್ಬಾಗಿರುತ್ತದೆ, ಬೆಳಕಿನ ಅಳತೆ ಕೆಡುತ್ತದೆ. ರಕ್ತ ಮುಟ್ಟುವ ವಿದ್ಯಾರ್ಥಿಗಳು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಬೇಕು. 0, 1, 6 ತಿಂಗಳು, ಹೀಗೆ ಮೂರು ಡೋಸ್. ಇದನ್ನೂ ಮೊದಲೇ ಶುರು ಮಾಡಬೇಕು.

ಹಂತ 3: ಪ್ಲಾಸ್ಟಿಕ್ ತನ್ನಿ, ಕತ್ತರಿಸಿ

ಮೆಡಿಕಲ್ ದರ್ಜೆಯ ಹಾಳೆ ಕೇಳಿ ತನ್ನಿ. ಎಲ್ಲ ತುಂಡೂ ಒಂದೇ ಲಾಟ್ ನಂಬರಿನದಾಗಿರಲಿ. ಹಾಳೆ ಸಿಗದಿದ್ದರೆ ಮೆಡಿಕಲ್ ಶಾಪಿನ ಡ್ರಿಪ್ ಸೆಟ್‌ನ ಟ್ಯೂಬ್ ಉದ್ದಕ್ಕೆ ಸೀಳಿ ಬಳಸಬಹುದು. ಹೆಚ್ಚಿನವು ಪಿವಿಸಿ, ಪ್ಯಾಕೆಟ್ ಮೇಲೆ ನೋಡಿ. ಅಕ್ವೇರಿಯಂ ಅಂಗಡಿಯ ಟ್ಯೂಬ್ ಬೇಡ.

ಹೊಸ ಬ್ಲೇಡಿನಿಂದ ಅಥವಾ ಪಂಚ್‌ನಿಂದ ಒಂದೇ ಅಳತೆಗೆ ಕತ್ತರಿಸಿ. ಒರಟು ಅಂಚಿಗೆ ಪ್ಲೇಟ್‌ಲೆಟ್ ಮುತ್ತಿಕೊಳ್ಳುತ್ತವೆ. ಆಮೇಲೆ ಅದನ್ನೇ ಲೇಪನದ ದೋಷ ಎಂದು ಓದಿಬಿಡುವ ಅಪಾಯವಿದೆ. ಎಣಿಸುವಾಗ ಅಂಚು ಬಿಟ್ಟು ನಡುವಿನ ಭಾಗ ನೋಡಿ.

ಹಂತ 4: ತೊಳೆಯುವುದು

ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ, ಬೆರಳಿನ ಜಿಡ್ಡು, ಪ್ಲಾಸ್ಟಿಕ್ಕಿನ ಒಳಗಿಂದ ಮೇಲೆ ಬಂದ ಸೇರ್ಪಡೆಗಳು ಎಲ್ಲವೂ ಮೇಲ್ಮೈಯಲ್ಲೇ ಇರುತ್ತವೆ. ಇವುಗಳ ಮೇಲೆ ಹಾಕಿದ ಲೇಪನ ಜಿಡ್ಡಿನ ಜೊತೆಗೇ ಕಿತ್ತುಬರುತ್ತದೆ.

ಕ್ರಮ ಹೀಗಿರಲಿ. ಲ್ಯಾಬಿನ ಸೌಮ್ಯ ಡಿಟರ್ಜೆಂಟ್ ದ್ರಾವಣದಲ್ಲಿ ಸಾನಿಕೇಟರ್‌ಗೆ, ಅಂದರೆ ಶಬ್ದದ ಅಲೆಯಿಂದ ತೊಳೆಯುವ ತೊಟ್ಟಿಗೆ, ಕೆಲವು ನಿಮಿಷ ಹಾಕಿ. ಡಿಟರ್ಜೆಂಟ್ ಪೂರ್ತಿ ಹೋಗುವ ತನಕ ಅಯಾನು ತೆಗೆದ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಉಳಿದ ಡಿಟರ್ಜೆಂಟ್ ಕೆಂಪು ಕಣಗಳನ್ನು ಒಡೆಯುತ್ತದೆ. ಆಮೇಲೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮತ್ತೆ ಅಯಾನು ತೆಗೆದ ನೀರು. ಧೂಳಿಲ್ಲದ ಕಡೆ ಒಣಗಿಸಿ.

ನೀರಿನ ವಿಷಯದಲ್ಲಿ ನಮ್ಮ ಕಡೆಯವರು ಸ್ವಲ್ಪ ಜಾಸ್ತಿಯೇ ಎಚ್ಚರ ವಹಿಸಬೇಕು. ಪಾವಗಡ, ಶಿರಾ, ಕೋಲಾರ, ಚಿಂತಾಮಣಿ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು, ಫ್ಲೋರೈಡ್ ಎಷ್ಟು ಅಂತ ನಿಮಗೆ ನಾನು ಹೇಳಬೇಕಿಲ್ಲ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರೂ ಈ ಕೆಲಸಕ್ಕೆ ಆಗದು. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಕುಡಿಯಲು ಸರಿ, ಇಲ್ಲಿಗೆ ಸಾಲದು. ನೀರು ಆರಿದ ಮೇಲೆ ಉಳಿಯುವ ಉಪ್ಪಿನ ಹರಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಪ್ಲೇಟ್‌ಲೆಟ್‌ನಂತೆಯೇ ಕಾಣುತ್ತದೆ. ಮೇಲಾಗಿ ಕ್ಯಾಲ್ಸಿಯಂ ಸ್ವತಃ ಹೆಪ್ಪುಗಟ್ಟುವ ಸರಣಿಯ ಒಂದು ಅಂಶ. ಕೊನೆಯ ಎರಡು ತೊಳೆತಕ್ಕೆ ಹೊಸದಾಗಿ ತೆಗೆದ ಅಯಾನುರಹಿತ ನೀರೇ ಇರಲಿ. ತಿಂಗಳಿಂದ ಕ್ಯಾನಿನಲ್ಲಿ ಕೂತ ಡಿಸ್ಟಿಲ್ಡ್ ವಾಟರ್ ಬೇಡ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಬ್ಯಾಕ್ಟೀರಿಯಾ ಸತ್ತರೂ ಅದರ ಗೋಡೆಯ ಎಂಡೋಟಾಕ್ಸಿನ್ ಎಂಬ ವಿಷ ಉಳಿದು ರಕ್ತವನ್ನು ಕೆಣಕುತ್ತದೆ. ಆಟೋಕ್ಲೇವ್ ಮಾಡಿದರೂ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿದರೂ, ಅದು ಪೂರ್ತಿ ಹೋಗುವುದಿಲ್ಲ.

ಯಾವ ದ್ರಾವಕ ಬೇಡ: ಪಿವಿಸಿ, ಪಾಲಿಯುರಥೇನ್‌ಗೆ ಅಸಿಟೋನ್ ಬೇಡ, ಉಬ್ಬಿಕೊಳ್ಳುತ್ತವೆ. ಪಿವಿಸಿಯನ್ನು ಆಲ್ಕೊಹಾಲ್‌ನಲ್ಲಿ ರಾತ್ರಿಯಿಡೀ ಬಿಡಬೇಡಿ, ಮೆದುವಾಗಿಸುವ ಪ್ಲಾಸ್ಟಿಸೈಜರ್ ಹೊರಬಂದು ಹಾಳೆ ಬಿರುಸಾಗುತ್ತದೆ. ಗಾಜು ತೊಳೆಯುವ ಪಿರಾನ್ಹಾ ಆಮ್ಲವನ್ನು ಪ್ಲಾಸ್ಟಿಕ್ ಹತ್ತಿರವೂ ತರಬೇಡಿ, ಸ್ಫೋಟವಾಗಬಹುದು.

ಹಂತ 5: ಲೇಪನ

ಪ್ಲಾಸ್ಮಾ ಯಂತ್ರವಿರುವ ಲ್ಯಾಬುಗಳಲ್ಲಿ ಆಮ್ಲಜನಕದ ಪ್ಲಾಸ್ಮಾದಿಂದ ಮೇಲ್ಮೈಯನ್ನು ನೀರಿಗೆ ಒಗ್ಗುವಂತೆ ಮಾಡುತ್ತಾರೆ. (ಇದು ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ತಿನಿಂದ ಚುರುಕಾದ ಅನಿಲ.) ಬರೀ ಅದನ್ನೇ ಮಾಡಿ ನಿಲ್ಲಿಸಿದರೆ ಪ್ರಯೋಜನ ಕಡಿಮೆ. ಸಿಲಿಕೋನ್ ಆದರೆ ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನಂತೆ ನೀರು ತಳ್ಳಲು ಶುರು ಮಾಡುತ್ತದೆ.

ಯಂತ್ರವಿಲ್ಲದ ಕಾಲೇಜಿಗೆ ನಾನು ಹೇಳುವುದು ಪಾಲಿಡೋಪಮೈನ್ ದಾರಿ. ಮೇಲಿನ ಲೇಪನ ಹಿಡಿದುಕೊಳ್ಳಲು ಅಂಟಿನಂತೆ ಕೆಳಗೆ ಹಾಕುವ ಪದರ ಅದು. ಸಮುದ್ರದ ಮಸ್ಸೆಲ್ ಚಿಪ್ಪು ಬಂಡೆಗೆ ಅಂಟಿಕೊಳ್ಳುವ ರಸಾಯನವನ್ನು ನೋಡಿ 2007ರಲ್ಲಿ ಪ್ರಕಟವಾದ ವಿಧಾನ ಇದು. ಪಿಟಿಎಫ್‌ಇ ಮೇಲೂ ಅಂಟುತ್ತದೆ.

10 ಮಿಲಿಮೋಲಾರ್ ಟ್ರಿಸ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಮಾಡಿ, ಪಿಎಚ್ 8.5ಕ್ಕೆ ತನ್ನಿ. ತುಂಡುಗಳನ್ನು ಹಾಕುವ ಹೊತ್ತಿಗೆ ಸರಿಯಾಗಿ ಡೋಪಮೈನ್ ಹೈಡ್ರೋಕ್ಲೋರೈಡ್ ಸೇರಿಸಿ, ಪ್ರತಿ ಮಿ.ಲೀ.ಗೆ 2 ಮಿ.ಗ್ರಾಂ. ಪಾತ್ರೆ ತೆರೆದಿರಲಿ, ಈ ಕ್ರಿಯೆಗೆ ಗಾಳಿಯ ಆಮ್ಲಜನಕ ಬೇಕು. ದ್ರಾವಣ ಕಂದಾಗಿ, ಆಮೇಲೆ ಕಪ್ಪಾಗುತ್ತದೆ. 24 ಗಂಟೆಯಲ್ಲಿ ಸುಮಾರು 50 ನ್ಯಾನೋಮೀಟರ್‌ವರೆಗೆ ದಪ್ಪ ಬರುತ್ತದೆ.

ಇಲ್ಲಿ ಕೆಡುವುದು ಎರಡು ಕಡೆ. ತುಂಡುಗಳನ್ನು ಮಲಗಿಸಿದರೆ ದ್ರಾವಣದಲ್ಲಿ ಹುಟ್ಟುವ ಕಪ್ಪು ಕಣಗಳು ಮೇಲೆ ಬಂದು ಕೂರುತ್ತವೆ, ಮೇಲ್ಮೈ ಒರಟಾಗುತ್ತದೆ. ದಾರಕ್ಕೆ ಕಟ್ಟಿ ನೇತುಹಾಕಿ ಅಥವಾ ನಿಲ್ಲಿಸಿ. ಎರಡನೆಯದು ಕರೆಂಟು. ರಾತ್ರಿ ಕರೆಂಟು ಹೋಗಿ ಶೇಕರ್ ನಿಂತರೆ ಆ ಬ್ಯಾಚು ಬೇರೆಯದೇ ಆಗುತ್ತದೆ. ಯುಪಿಎಸ್ ಇರುವ ಪ್ಲಗ್ಗಿಗೆ ಹಾಕಿ, ಅಥವಾ ಹಗಲಲ್ಲೇ ಮುಗಿಯುವಂತೆ ಅವಧಿಯನ್ನು ಆರು ಗಂಟೆಗೆ ಇಳಿಸಿ. ಎಷ್ಟೇ ಇಟ್ಟರೂ ಎಲ್ಲ ಬ್ಯಾಚಿಗೂ ಒಂದೇ ಸಮಯ ಇರಲಿ.

ಈಗ ಮೇಲಿನ ಪದರ. ಎರಡರಲ್ಲಿ ಒಂದನ್ನು ಆರಿಸಿ.

ಮೊದಲನೆಯದು ಪೆಗ್, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್. ಒಂದು ತುದಿಯಲ್ಲಿ ಅಮೈನ್ ಗುಂಪಿರುವ, 5000 ಅಣುತೂಕದ ಪೆಗ್ ತರಿಸಿ. ಟ್ರಿಸ್ ಬಫರಿನಲ್ಲಿ ಪ್ರತಿ ಮಿ.ಲೀ.ಗೆ 5 ಮಿ.ಗ್ರಾಂ ಕರಗಿಸಿ, 50 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಪೆಗ್ ಸರಪಳಿಗಳು ನೀರು ಹಿಡಿದುಕೊಂಡು ಎದ್ದು ನಿಲ್ಲುತ್ತವೆ. ಒತ್ತಾಗಿ ಬೆಳೆದ ರಾಗಿ ಹೊಲದಲ್ಲಿ ಕಳೆಗೆ ಜಾಗ ಸಿಗದ ಹಾಗೆ, ಸರಪಳಿಗಳು ಒತ್ತಾಗಿದ್ದರೆ ಮಾತ್ರ ಪ್ರೋಟೀನಿಗೆ ಜಾಗ ಸಿಗುವುದಿಲ್ಲ. ತೆಳುವಾಗಿ ಕೂತ ಪೆಗ್ ಇದ್ದೂ ಇಲ್ಲದಂತೆ. ಪೊಟ್ಯಾಸಿಯಂ ಸಲ್ಫೇಟ್‌ನಂಥ ಉಪ್ಪು ಸೇರಿಸಿದರೆ ಸರಪಳಿಗಳು ಮುದುಡಿ ಹತ್ತಿರ ಹತ್ತಿರ ಕೂರುತ್ತವೆ. ಕಾಲಕ್ರಮೇಣ ಪೆಗ್ ಆಕ್ಸಿಡೀಕರಣಗೊಂಡು ಸವೆಯುತ್ತದೆ, ಹಾಗಾಗಿ ವರ್ಷಗಟ್ಟಲೆ ಇರುವ ಸಾಧನಕ್ಕೆ ಇದನ್ನು ಸೂಚಿಸಬೇಡಿ.

ಎರಡನೆಯದು ಹೆಪಾರಿನ್. 1916ರಲ್ಲಿ ಪತ್ತೆಯಾದ ಈ ವಸ್ತುವನ್ನು ಇಂದಿಗೂ ಮುಖ್ಯವಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ. ಅದು ರಕ್ತದಲ್ಲಿರುವ ಆಂಟಿಥ್ರಾಂಬಿನ್‌ಗೆ ಅಂಟಿ ಅದನ್ನು ಚುರುಕು ಮಾಡುತ್ತದೆ. ಅಂಟುವ ಜಾಗ ಐದು ಸಕ್ಕರೆ ಘಟಕಗಳ ಒಂದು ಚಿಕ್ಕ ತುಂಡು. ಹೆಪಾರಿನ್ನನ್ನು ಎಲ್ಲೆಂದರಲ್ಲಿ ಕಟ್ಟಿದರೆ ಆ ತುಂಡೇ ಮುಚ್ಚಿಹೋಗಬಹುದು. ಅದಕ್ಕೇ ಉದ್ಯಮದಲ್ಲಿ ಒಂದು ತುದಿಯಿಂದ ಮಾತ್ರ ಕಟ್ಟುವ ವಿಧಾನ ಬಂತು. ಕಾಲೇಜಿನಲ್ಲಿ ಮಾಡುವುದಾದರೆ ಪಾಲಿಡೋಪಮೈನ್ ಮೇಲೆ ಪಾಲಿಎಥಿಲೀನ್‌ಇಮೀನ್ ಪದರ ಹಾಕಿ, ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ಜೋಡಿಸುವ ರಾಸಾಯನಿಕಗಳಿಂದ ಪಿಎಚ್ 5.5ರ ಸುಮಾರಿನ ಎಂಇಎಸ್ ಬಫರಿನಲ್ಲಿ ಹೆಪಾರಿನ್ ಕಟ್ಟಿ. ಇಮೀನ್ ಪದರ ಧನ ವಿದ್ಯುದಂಶದ್ದು. ಹೆಪಾರಿನ್ ಪೂರ್ತಿ ಮುಚ್ಚದೆ ಹೋದರೆ ಅದು ರಕ್ತಕಣಗಳಿಗೆ ಹಾನಿ ಮಾಡುತ್ತದೆ, ಲೇಪನವಿಲ್ಲದ ಪ್ಲಾಸ್ಟಿಕ್ಕಿಗಿಂತ ಕೆಟ್ಟ ಫಲಿತಾಂಶ ಬರುತ್ತದೆ. ಆಸ್ಪತ್ರೆಯ ಹೆಪಾರಿನ್ ಇಂಜೆಕ್ಷನ್ ವಯಲ್ ಬಳಸಬೇಡಿ. ಹಲವದರಲ್ಲಿ ಬೆಂಜೈಲ್ ಆಲ್ಕೊಹಾಲ್ ಸೇರಿಸಿರುತ್ತಾರೆ. ಪುಡಿಯನ್ನೇ ತರಿಸಿ.

ಮೊದಲ ಸಲ ಮಾಡುವವರಿಗೆ ನನ್ನ ಮತ ಪೆಗ್‌ಗೆ. ಹೆಪಾರಿನ್ ಹೆಸರು ದೊಡ್ಡದು, ಆದರೆ ಅದರಲ್ಲಿ ಎಡವುವ ಜಾಗವೂ ಜಾಸ್ತಿ.

ಹಂತ 6: ಲೇಪನ ಕೂತಿದೆಯೇ ನೋಡಿ

ರಕ್ತ ಮುಟ್ಟುವ ಮೊದಲೇ ಇದು ಆಗಬೇಕು. ಸುಲಭದ್ದು ಸಂಪರ್ಕ ಕೋನ. ಮೇಲ್ಮೈ ಮೇಲೆ ಒಂದು ಹನಿ ನೀರಿಟ್ಟು ಅದು ಎಷ್ಟು ಉಬ್ಬಿ ನಿಲ್ಲುತ್ತದೆ ಎಂದು ಅಳೆಯುವುದು. ಯಂತ್ರ ಇಲ್ಲವಾ? ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಹಾಕಿ, ಹನಿಯ ಮಟ್ಟಕ್ಕೆ ಸರಿಯಾಗಿ ಪಕ್ಕದಿಂದ ಫೋಟೋ ತೆಗೆದು, ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಕೋನ ಅಳೆಯಿರಿ. ಪಿಟಿಎಫ್‌ಇ, ಸಿಲಿಕೋನ್ 110 ಡಿಗ್ರಿಯ ಆಸುಪಾಸು ಬರಬೇಕು. ನಿಮ್ಮ ಅಳತೆ ಸರಿಯಿದೆಯೇ ಎಂದು ಮೊದಲು ಅದರಲ್ಲಿ ನೋಡಿಕೊಳ್ಳಿ. ಒಂದೇ ತುಂಡಿನ ಬೇರೆ ಬೇರೆ ಜಾಗದಲ್ಲಿ ಅಂಕಿ ತುಂಬಾ ಏರುಪೇರಾದರೆ ಲೇಪನ ತೇಪೆ ತೇಪೆಯಾಗಿದೆ ಎಂದರ್ಥ.

ಹೆಪಾರಿನ್ ಇದ್ದರೆ ಟೊಲುಡಿನ್ ಬ್ಲೂ ಬಣ್ಣ ಹಾಕಿ. ಹೆಪಾರಿನ್ ಇರುವ ಕಡೆ ನೀಲಿ ನೇರಳೆಗೆ ತಿರುಗುತ್ತದೆ.

ಆಮೇಲೆ ನೆನೆಸುವ ಪರೀಕ್ಷೆ. ಇದನ್ನು ಬಿಡಲೇಬೇಡಿ. ಲೇಪಿತ ತುಂಡನ್ನು 37 ಡಿಗ್ರಿಯ ಪಿಬಿಎಸ್‌ನಲ್ಲಿ, ಅಂದರೆ ರಕ್ತದಷ್ಟೇ ಉಪ್ಪಿರುವ ಬಫರಿನಲ್ಲಿ, ಒಂದು ವಾರ ನೆನೆಸಿ. ತುಂಡನ್ನು ಮತ್ತೆ ಅಳೆಯಿರಿ. ನೆನೆಸಿದ ದ್ರವವನ್ನು ಚೆಲ್ಲದೆ ಎತ್ತಿಡಿ. ಮುಂದೆ ಬೇಕಾಗುತ್ತದೆ.

ಹಂತ 7: ರಕ್ತದ ಪರೀಕ್ಷೆ

ರಕ್ತ ಮುಟ್ಟುವ ಸಾಧನಗಳಿಗೆ ಯಾವ ಪರೀಕ್ಷೆ ಬೇಕೆಂದು ಹೇಳುವುದು ಐಎಸ್‌ಒ 10993-4 ಎಂಬ ಮಾನದಂಡ. ಕಾಲೇಜು ಮಟ್ಟಕ್ಕೆ ಮೂರು ಪರೀಕ್ಷೆ ಸಾಕು. ಪ್ರತಿಯೊಂದಕ್ಕೂ ಕನಿಷ್ಠ ಮೂರು ಬಗೆಯ ತುಂಡು ಇರಬೇಕು: ಬರೀ ತೊಳೆದದ್ದು, ಪಾಲಿಡೋಪಮೈನ್ ಮಾತ್ರ ಇರುವುದು, ಪೂರ್ತಿ ಲೇಪನದ್ದು. ನಡುವಿನದನ್ನು ಬಿಟ್ಟರೆ ಒಳ್ಳೆಯದು ಮಾಡಿದ್ದು ಪೆಗ್ಗೋ, ಅದರ ಕೆಳಗಿನ ಪದರವೋ ಗೊತ್ತಾಗುವುದಿಲ್ಲ. ಜೊತೆಗೆ ಹೆಪ್ಪನ್ನು ಖಂಡಿತ ಕೆಣಕುವ ಗಾಜಿನ ತುಂಡೊಂದು ಇರಲಿ.

ಹೀಮೋಲಿಸಿಸ್, ಅಂದರೆ ಕೆಂಪು ಕಣ ಒಡೆಯುವ ಪರೀಕ್ಷೆ: 8 ಮಿ.ಲೀ. ಸಿಟ್ರೇಟ್ ರಕ್ತಕ್ಕೆ 10 ಮಿ.ಲೀ. ಸಲೈನ್ (ಉಪ್ಪುನೀರು) ಬೆರೆಸಿ. ತುಂಡಿರುವ 10 ಮಿ.ಲೀ. ಸಲೈನನ್ನು 37 ಡಿಗ್ರಿಗೆ ತಂದು ಆ ಮಿಶ್ರಣದ 0.2 ಮಿ.ಲೀ. ಹಾಕಿ. ಒಂದು ಗಂಟೆ ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು 545 ನ್ಯಾನೋಮೀಟರಿನಲ್ಲಿ ಅಳೆಯಿರಿ. ಬರೀ ಸಲೈನ್ ಸೊನ್ನೆ. ಡಿಸ್ಟಿಲ್ಡ್ ವಾಟರ್ ನೂರು, ಯಾಕೆಂದರೆ ಅದರಲ್ಲಿ ಎಲ್ಲ ಕಣವೂ ಒಡೆಯುತ್ತದೆ. ಉದಾಹರಣೆಗೆ ಸಲೈನ್ 0.020, ನೀರು 0.820, ನಿಮ್ಮ ತುಂಡು 0.032 ಬಂದರೆ, 0.012 ಅನ್ನು 0.800ರಿಂದ ಭಾಗಿಸಿ 100ರಿಂದ ಗುಣಿಸಿ. 1.5 ಶೇಕಡಾ. ಎಎಸ್‌ಟಿಎಂ ಎಫ್756 ಎಂಬ ಮಾನದಂಡದ ಪ್ರಕಾರ 2ಕ್ಕಿಂತ ಕಡಿಮೆ ಇದ್ದರೆ ಕಣ ಒಡೆಯುವುದಿಲ್ಲ ಎಂದು, 2ರಿಂದ 5 ಸ್ವಲ್ಪ ಒಡೆಯುತ್ತದೆ ಎಂದು, 5 ದಾಟಿದರೆ ಒಡೆಯುತ್ತದೆ ಎಂದು ಲೆಕ್ಕ.

ಇಷ್ಟು ಬಂದ ಕೂಡಲೇ ಅರ್ಧಕ್ಕರ್ಧ ವರದಿಗಳು "ಪ್ಲಾಸ್ಟಿಕ್ ರಕ್ತಕ್ಕೆ ಒಗ್ಗುತ್ತದೆ" ಎಂದು ಬರೆದು ಮುಗಿಸುತ್ತವೆ. ಈ ಪರೀಕ್ಷೆಗೂ ಹೆಪ್ಪಿಗೂ ಸಂಬಂಧವಿಲ್ಲ. ಲೇಪನವೇ ಇಲ್ಲದ ಮಾಮೂಲಿ ಪಿವಿಸಿಯೂ ಇದರಲ್ಲಿ ಪಾಸಾಗುತ್ತದೆ. ಇನ್ನೊಂದು ತಮಾಷೆ ನೋಡಿ: ರಕ್ತದ ಚೀಲದ ಪಿವಿಸಿಯಲ್ಲಿರುವ ಡಿಇಎಚ್‌ಪಿ ಎಂಬ ಪ್ಲಾಸ್ಟಿಸೈಜರ್ ರಕ್ತಕ್ಕೆ ಸೋರುತ್ತದೆ. ಸೋರಬಾರದ ವಸ್ತು ಅದು. ಆದರೆ ಅದು ಕೆಂಪು ಕಣದ ಪೊರೆಯನ್ನು ಗಟ್ಟಿ ಮಾಡಿ ಒಡೆಯುವುದನ್ನು ಕಡಿಮೆ ಮಾಡುತ್ತದೆ. ಹೀಮೋಲಿಸಿಸ್ ಅಂಕಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಪ್ಲಾಸ್ಟಿಕ್ ಚೆನ್ನಾಗಿದೆ ಎನ್ನಲಾಗದು.

ಪ್ಲೇಟ್‌ಲೆಟ್ ಅಂಟುವ ಪರೀಕ್ಷೆ: ರಕ್ತವನ್ನು ನಿಧಾನ ವೇಗದಲ್ಲಿ ತಿರುಗಿಸಿ ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ತೆಗೆಯಬೇಕು. 150ರಿಂದ 200 ಜಿ, 10ರಿಂದ 15 ನಿಮಿಷ. ಜಿ ಅಂದರೆ ಆರ್‌ಪಿಎಂ ಅಲ್ಲ, ಗುರುತ್ವದ ಎಷ್ಟು ಪಟ್ಟು ಬಲ ಎಂಬ ಲೆಕ್ಕ. ರೋಟರಿನ ತ್ರಿಜ್ಯವನ್ನು ಸೆಂ.ಮೀ.ನಲ್ಲಿ ಅಳೆದು, ಆರ್‌ಪಿಎಂನಿಂದ ಎರಡು ಸಲ ಗುಣಿಸಿ, 0.00001118ರಿಂದ ಗುಣಿಸಿ. 10 ಸೆಂ.ಮೀ. ತ್ರಿಜ್ಯದ ರೋಟರು 1300 ಆರ್‌ಪಿಎಂನಲ್ಲಿ ಸುಮಾರು 189 ಜಿ ಕೊಡುತ್ತದೆ. ಬ್ರೇಕ್ ಆಫ್ ಇರಲಿ. ಗಾಜಿನ ಟ್ಯೂಬ್ ಬೇಡ, ಪಾಲಿಪ್ರೊಪಿಲೀನ್ ಇರಲಿ. ಪ್ಲೇಟ್‌ಲೆಟ್‌ಗಳನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಕೋಣೆಯ ಉಷ್ಣತೆಯಲ್ಲಿಟ್ಟು ನಾಲ್ಕು ಗಂಟೆಯೊಳಗೆ ಮುಗಿಸಿ.

ತುಂಡುಗಳನ್ನು ಮೊದಲು ಪಿಬಿಎಸ್‌ನಲ್ಲಿ ನೆನೆಸಿಡಿ. ಒಣಗಿದ ಪೆಗ್ ಕೆಲಸ ಮಾಡುವುದಿಲ್ಲ. ಗಾಳಿಗುಳ್ಳೆ ಸಿಕ್ಕಿಹಾಕಿಕೊಂಡರೆ ಅದರ ಅಂಚಿನಲ್ಲೇ ಪ್ರೋಟೀನು ಕೆಡುತ್ತದೆ. 37 ಡಿಗ್ರಿಯಲ್ಲಿ ಒಂದು ಗಂಟೆ ಪ್ಲಾಸ್ಮಾದಲ್ಲಿಟ್ಟು, ಮೆಲ್ಲಗೆ ತೊಳೆದು, 2.5 ಶೇಕಡಾ ಗ್ಲುಟರಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ. 50ರಿಂದ 100 ಶೇಕಡಾವರೆಗೆ ಎಥನಾಲ್ ಏರಿಸುತ್ತಾ ನೀರು ತೆಗೆಯಿರಿ. ಎಲ್ಲ ತುಂಡನ್ನೂ ಒಬ್ಬರೇ ತೊಳೆಯಿರಿ. ಒಬ್ಬೊಬ್ಬರ ಕೈ ಒಂದೊಂದು ತರಹ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಿಮ್ಮಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಹೊರಗಿನವರ ಸ್ಯಾಂಪಲ್ಲಿಗೂ ಅವಕಾಶವಿದೆ. ಸಂಶೋಧನಾ ಉಪಕರಣಗಳ ಪಟ್ಟಿ ಇರುವ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹತ್ತಿರ ಎಲ್ಲಿ ಯಾವ ಉಪಕರಣವಿದೆ ಎಂದು ಹುಡುಕಬಹುದು. ಪ್ಲಾಸ್ಟಿಕ್ಕಿನ ಬಲ, ದಪ್ಪದಂಥ ಪರೀಕ್ಷೆಗೆ ಮೈಸೂರಿನಲ್ಲಿ ಸಿಪೆಟ್ ಎಂಬ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಇದೆ. ಖರ್ಚಿಗೆ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಅರ್ಜಿ ಹಾಕಿ.

ಫೋಟೋದಲ್ಲಿ ಎಣಿಕೆಯಷ್ಟೇ ಆಕಾರವೂ ಮುಖ್ಯ. ದುಂಡಗೆ ಕೂತ ಹತ್ತು ಪ್ಲೇಟ್‌ಲೆಟ್‌ಗಿಂತ, ಕಾಲು ಚಾಚಿ ಹರಡಿದ ನಾಲ್ಕು ಹೆಚ್ಚು ಚಿಂತೆಯ ವಿಷಯ. ಚೆನ್ನಾಗಿ ಕಾಣುವ ಜಾಗ ಹುಡುಕಿ ಫೋಟೋ ತೆಗೆಯಬೇಡಿ. ಜಾಗಗಳನ್ನು ಮೊದಲೇ ಗುರುತು ಮಾಡಿ.

ಹೆಪ್ಪುಗಟ್ಟುವ ಸಮಯ: ಪ್ಲೇಟ್‌ಲೆಟ್ ತೆಗೆದ ಪ್ಲಾಸ್ಮಾದಲ್ಲಿ ತುಂಡನ್ನಿಟ್ಟು, ಆ ಪ್ಲಾಸ್ಮಾದ ಎಪಿಟಿಟಿ ನೋಡಿ. ಇದು ಫ್ಯಾಕ್ಟರ್ 12ರಿಂದ ಶುರುವಾಗುವ ಸರಣಿಯ ವೇಗ ಹೇಳುವ ಮಾಮೂಲಿ ಆಸ್ಪತ್ರೆ ಪರೀಕ್ಷೆ. ಎಪಿಟಿಟಿ ಉದ್ದವಾದರೆ ಖುಷಿಯಾಗುವ ಮೊದಲು, ಎತ್ತಿಟ್ಟ ಆ ನೆನೆಸಿದ ದ್ರವವನ್ನು ಹೊಸ ಪ್ಲಾಸ್ಮಾಕ್ಕೆ ಬೆರೆಸಿ ಅದರದ್ದೂ ನೋಡಿ. ಬರೀ ಪಿಬಿಎಸ್ ಬೆರೆಸಿದ ಪ್ಲಾಸ್ಮಾ ಹೋಲಿಕೆಗೆ ಇರಲಿ. ದ್ರವದಲ್ಲೂ ಸಮಯ ಉದ್ದವಾದರೆ ಹೆಪಾರಿನ್ ಮೇಲ್ಮೈಯಿಂದ ಬಿಟ್ಟು ಬರುತ್ತಿದೆ ಎಂದರ್ಥ. ಆಗ ನೀವು ಮಾಡಿದ್ದು ರಕ್ತಕ್ಕೆ ಔಷಧ ಸೋರಿಸುವ ತುಂಡು. ಅದು ಮುಗಿದ ದಿನ ಒಳಗಿನ ಪ್ಲಾಸ್ಟಿಕ್ ಹಾಗೇ ಹೊರಬರುತ್ತದೆ.

ಹಂತ 8: ಅಂಕಿ ಬರೆಯುವಾಗ

ಒಬ್ಬ ದಾನಿಯ ರಕ್ತದಲ್ಲಿ ಒಂಬತ್ತು ತುಂಡು ನೋಡಿದರೆ ಅದು ಒಂಬತ್ತು ಪ್ರಯೋಗವಲ್ಲ, ಒಂದೇ. ಕನಿಷ್ಠ ಮೂವರು ದಾನಿಗಳು, ಪ್ರತಿಯೊಬ್ಬರ ರಕ್ತದಲ್ಲೂ ಎಲ್ಲ ಬಗೆಯ ತುಂಡುಗಳು. ಒಬ್ಬರ ರಕ್ತದೊಳಗೇ ಹೋಲಿಸಿ, ಆಮೇಲೆ ಮೂವರಲ್ಲೂ ಅದೇ ದಿಕ್ಕು ಇದೆಯೇ ನೋಡಿ.

ನಿಂತ ರಕ್ತದಲ್ಲಿ ಮಾಡಿದ ಪರೀಕ್ಷೆ ಹರಿಯುವ ರಕ್ತದ ಬಗ್ಗೆ ಹೇಳುವುದು ಕಡಿಮೆ. ಇದನ್ನು ವರದಿಯಲ್ಲಿ ನೀವೇ ಬರೆದುಬಿಡಿ.

ಹಂತ 9: ಕಸ, ಮತ್ತು ಮುಂದಿನ ದಾರಿ

ರಕ್ತ ಮೆತ್ತಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ. ಟ್ಯೂಬ್, ಸಿರಿಂಜಿನಂಥ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ. 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದಲ್ಲಿ ಇದಿದೆ. ಮೆಡಿಕಲ್ ಕಾಲೇಜಿನ ಜೊತೆ ಒಪ್ಪಂದ ಮಾಡಿಕೊಳ್ಳುವಾಗಲೇ ಕಸ ಯಾರು ಒಯ್ಯುತ್ತಾರೆ ಎಂದೂ ಬರೆಸಿಕೊಳ್ಳಿ. ಲ್ಯಾಬಿನ ಸಿಂಕಿಗೆ ರಕ್ತ ಸುರಿಯಬೇಡಿ.

ಫಲಿತಾಂಶ ಚೆನ್ನಾಗಿ ಬಂದು ಮುಂದುವರಿಸುವ ಆಸೆ ಇದ್ದರೆ ಮೊದಲು ಸ್ಟೆರಿಲೈಸ್ ಮಾಡಿ ಎಲ್ಲ ಪರೀಕ್ಷೆಯನ್ನೂ ಮತ್ತೆ ಮಾಡಿ. ಆಟೋಕ್ಲೇವಿನ ಬಿಸಿಗೆ ಪಿವಿಸಿ ಆಕಾರ ಕೆಡಬಹುದು, ಲೇಪನವೂ ಹಾಳಾಗಬಹುದು. ಗಾಮಾ ಕಿರಣಕ್ಕೆ ಪಿಟಿಎಫ್‌ಇ ಪುಡಿಪುಡಿಯಾಗುತ್ತದೆ. ಎಥಿಲೀನ್ ಆಕ್ಸೈಡ್ ಅನಿಲ ಹೆಚ್ಚಿನವಕ್ಕೆ ಆಗುತ್ತದೆ, ಆದರೆ ಉಳಿದ ಅನಿಲ ಪೂರ್ತಿ ಹೋಗುವ ತನಕ ಗಾಳಿಗೆ ಬಿಡಬೇಕು. ಅಲ್ಲಿಂದ ಮುಂದೆ ಹರಿಯುವ ರಕ್ತದ ಪರೀಕ್ಷೆ, ಬೇರೆ ಸಮಿತಿಯ ಒಪ್ಪಿಗೆ ಬೇಕಾದ ಪ್ರಾಣಿ ಪ್ರಯೋಗ, 2017ರ ವೈದ್ಯಕೀಯ ಸಾಧನ ನಿಯಮದಡಿ ಪರವಾನಗಿ. ಇವು ಶ್ರೀ ಚಿತ್ರಾದಂಥ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ನಡೆಯುವ ಕೆಲಸ. ಅಂಥ ಕಡೆ ಸ್ಯಾಂಪಲ್ ಕಳಿಸುವಾಗ ಪ್ಲಾಸ್ಟಿಕ್ಕಿನ ಲಾಟ್ ನಂಬರ್, ತೊಳೆದ ಕ್ರಮ, ಲೇಪನದ ದಿನಾಂಕ, ಸ್ಟೆರಿಲೈಸ್ ಮಾಡಿದ ಬಗೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಲೇಪನವಿಲ್ಲದ ತುಂಡುಗಳನ್ನೂ ಅಷ್ಟೇ ಸಂಖ್ಯೆಯಲ್ಲಿ ಕಳಿಸಿ.